ಕಾರಿಗೆ ಇಲಿ ಕಾಟ: ಸ್ಪ್ರೇ ಆಮೇಲೆ, ಮೊದಲು ಸೀಟ್ ಕೆಳಗೆ ಗುಡಿಸಿ

ದಸರಾ ಮುಗೀತಿದ್ದಂಗೆ ಶುರುವಾಗೋ ಈ ಪ್ರಶ್ನೆಗಳು ಸಂಕ್ರಾಂತಿ ದಾಟೋವರೆಗೂ ನಿಲ್ಲಲ್ಲ, ಎಲ್ಲದಕ್ಕೂ ಒಟ್ಟಿಗೆ ಇಲ್ಲೇ ಉತ್ತರ ಬರೀತಿದೀನಿ.

ಮಂಡ್ಯ ಹತ್ರ ಹೊಸ ಲೇಔಟಲ್ಲಿ ಮನೆ, ಹಿಂದೆನೇ ಗದ್ದೆ. ಎರಡು ಸಲ ಇಲಿ ಕಾರಿನ ಇಂಜಿನ್ ವೈರ್ ಕಡಿದು ಹಾಕಿದೆ. ಯಾವ ಸ್ಪ್ರೇ ಒಳ್ಳೇದು ಸಾರ್?

ಸ್ಪ್ರೇ ವಿಷ್ಯ ಬಿಡಿ ಸ್ವಾಮಿ. ಭತ್ತ ಕೊಯ್ಲಾಯ್ತು ಅಂದ್ರೆ ಗದ್ದೇಲಿ ಕಾಳಿಲ್ಲ, ಕಬ್ಬು ಕಡಿದ್ರೆ ಮರೆನೂ ಹೋಯ್ತು, ಅಲ್ಲಿದ್ದ ಇಲಿ ಹೆಗ್ಗಣ ಎಲ್ಲ ಮನೆ ಕಡೆಗೇ ಬರೋದು, ಅದೇ ಹೊತ್ಗೆ ಚಳಿ ಬೇರೆ, ರಾತ್ರಿ ನೀವು ತಂದು ನಿಲ್ಸಿದ ಕಾರಿನ ಬಾನೆಟ್ ಒಳಗೆ ಬೆಚ್ಚಗಿರುತ್ತೆ. ಇಲಿಯ ಮುಂದಿನ ಹಲ್ಲು ಸಾಯೋತನಕ ಬೆಳೀತಾನೇ ಇರುತ್ತೆ, ಸವೆಸ್ಲೇಬೇಕು, ಅದಕ್ಕೆ ಬಾಯಿಗೆ ಸಿಕ್ಕ ವೈರ್ ಕಡಿಯುತ್ತೆ. ವೈರ್ ಮಾತ್ರ ಬದಲಾಯಿಸಿ ಅದೇ ಜಾಗದಲ್ಲಿ ಗಾಡಿ ನಿಲ್ಸಿದ್ರೆ ಮತ್ತೆ ಕಡಿಯುತ್ತೆ, ಅಷ್ಟೇ.

ಇಲಿ ಕಾಟ ಅಂತ ಯಾವ ಗಾಡಿ ಬಂದ್ರೂ ನಾನು ಮೊದಲು ಗ್ಲೋವ್ ಬಾಕ್ಸ್ ಬಿಚ್ಚಿ ಎಸಿ ಫಿಲ್ಟರ್ ಎಳೀತೀನಿ. ಮೊನ್ನೆ ಒಂದರಲ್ಲಿ ಫಿಲ್ಟರ್ ಮೇಲೆ ಅಂಗೈಯಷ್ಟು ಗೂಡು: ಬಾನೆಟ್ ಕೆಳಗಿನ ಸ್ಪಂಜಿನ ಚೂರು, ಟಿಶ್ಯೂ ಪೇಪರ್, ಹಿಕ್ಕೆ, ಮಧ್ಯ ಕಡ್ಲೆಪುರಿ. ಆಯುಧ ಪೂಜೆ ದಿನ ಚೆಲ್ಲಿದ ಪುರಿ ಸೀಟ್ ರೈಲಲ್ಲಿ ಇನ್ನೂ ಇತ್ತು, ಡಿಕ್ಕೀಲಿ ಒಡೆದ ತೆಂಗಿನಕಾಯಿ ಹೋಳು. ಅಂಥ ಗಾಡಿಗೆ ಯಾವ ಸ್ಪ್ರೇ ಹೊಡೆದ್ರೆ ತಾನೇ ಏನು? ಸೀಟ್ ಹಿಂದಕ್ಕೆ ತಳ್ಳಿ ಗುಡಿಸಿ, ಮಕ್ಕಳ ಬಿಸ್ಕತ್ ಪ್ಯಾಕೆಟ್ ಕೂಡ ಬಿಡಬೇಡಿ.

ಆಮೇಲೆ ವೈಪರ್ ಕೆಳಗೆ ಗಾಳಿ ಎಳ್ಕೊಳ್ಳೋ ಜಾಗಕ್ಕೆ ಮೆಶ್ ಹಾಕ್ಸಿ. ತೂತು 6 ಮಿಲಿಮೀಟರ್ ಮೀರಬಾರ್ದು, ಸಣ್ಣ ಇಲಿಗೆ ಅಷ್ಟು ಸಂದಿ ಸಾಕು. ಜಿಐ (ಸತು ಲೇಪಿಸಿದ ಕಬ್ಬಿಣ) ಇಲ್ಲಾ ಸ್ಟೀಲ್ ಮೆಶ್ ಬೇಕು, ನೈಲಾನ್ ಸೊಳ್ಳೆ ಪರದೆ ಕಚ್ಚಿ ಹರಿಯುತ್ತೆ. ಬಾನೆಟ್ ಒಳಗೆ ಗೋಣಿಚೀಲ, ಬಟ್ಟೆ ತುರುಕಬೇಡಿ, ಎಕ್ಸಾಸ್ಟ್ ಹತ್ರ ಬೆಂಕಿ ಹತ್ಕೊಳ್ಳುತ್ತೆ.

ಗಾಡಿನ ಗೋಡೆ, ಸೌದೆ ರಾಶಿ, ನಾಯಿಗೆ ಅನ್ನ ಹಾಕೋ ಜಾಗ ಇವುಗಳಿಂದ ದೂರ ನಿಲ್ಸಿ. ಗೇಟ್ ಬೀಗ ಗಟ್ಟಿ ಇದ್ರೆ ರಾತ್ರಿ ಬಾನೆಟ್ ಎತ್ತಿಡಿ, ಒಳಗೆ ಕತ್ತಲು, ಬೆಚ್ಚಗೆ ಎರಡೂ ಹೋಗುತ್ತೆ. ನೆಲ ಮುಟ್ಟೋ ಕವರ್ ಹಾಕಿ ವಾರಗಟ್ಲೆ ಬಿಡೋದು ಇಲಿಗೆ ಮನೆ ಕಟ್ಟಿಕೊಟ್ಟಂಗೆ. ಬೋನು ಇಡೋದಾದ್ರೆ ಗೋಡೆ ಅಂಚಲ್ಲಿಡಿ, ಇಲಿ ಓಡಾಡೋದೇ ಅಲ್ಲಿ. ಹೊಸ ವಸ್ತು ಅಂದ್ರೆ ಅದಕ್ಕೆ ಅನುಮಾನ, ಒಂದೇ ರಾತ್ರೀಲಿ ಬೀಳಲಿಲ್ಲ ಅಂತ ಎತ್ತಬೇಡಿ, ಕೊಬ್ಬರಿ ಚೂರು ಹಾಕಿ ಅದೇ ಜಾಗದಲ್ಲಿ ಬಿಡಿ. ಕಡಿದ ವೈರಿಗೆ ಸುತ್ತೋಕೆ ಹೋಂಡಾದವರದು ಖಾರ ಬೆರೆಸಿದ ಟೇಪ್ ಇದೆ, ಸಿಕ್ಕಿದ್ರೆ ಹಾಕ್ಸಿ, ಆದ್ರೆ ಮೇಲಿನದ್ಯಾವುದೂ ಮಾಡದೆ ಟೇಪ್ ಒಂದನ್ನೇ ನಂಬಬೇಡಿ.

ಹೊಗೆಸೊಪ್ಪು ಕಟ್ಟಿದ್ರೆ? ಇಂಜಿನ್ ಶಾಖಕ್ಕೆ ಒಣಗಿ ವಾಸನೆ ಹೋಗುತ್ತೆ, ಆಮೇಲೆ ಅದೂ ಕಸ.

ಕುವೆಂಪುನಗರದಿಂದ: ಎಸಿ ವೆಂಟ್ ಹತ್ರ ನುಸಿಗುಳಿಗೆ ಇಡಬಹುದಾ? ಬೇಡ್ವೇ ಬೇಡ. ಆ ಆವಿ ಉಸಿರಾಡೋದು ನಿಮ್ಮ ಮಕ್ಕಳು, ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರೋ ಮಗುವಿಗೆ ಅದರಿಂದ ರಕ್ತಕಣವೇ ಒಡೀತವೆ. ಇದನ್ನ ಹೇಳಿಕೊಡೋ ವಿಡಿಯೋದವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ನಮ್ಮ ಕಿವಿಗೆ ಕೇಳಿಸದ ಸದ್ದು ಮಾಡಿ ಇಲಿ ಓಡಿಸುತ್ತೆ ಅನ್ನೋ ಅಲ್ಟ್ರಾಸೋನಿಕ್ ಮೆಷಿನ್? ದುಡ್ಡು ದಂಡ. ಇವನ್ನ ಮಾರೋರಿಗೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಪುರಾವೆ ಇಟ್ಕೊಂಡು ಜಾಹೀರಾತು ಮಾಡಿ ಅಂತ ಎಚ್ಚರಿಕೆ ಪತ್ರ ಕಳಿಸಿತ್ತು, ಇಲ್ಲಿ ಇನ್ನೂ ಮಾರ್ತಾನೇ ಇದಾರೆ.

ಪಾಷಾಣ? ಕಾರೊಳಗೆ ಇಡಬೇಡಿ. ಎಸಿ ಡಕ್ಟಲ್ಲಿ ಸತ್ರೆ ಡ್ಯಾಶ್‌ಬೋರ್ಡೇ ಇಳಿಸಬೇಕು, ಹೊರಗೆ ಸತ್ತಿದ್ದನ್ನ ತಿಂದ ಬೆಕ್ಕು, ಗೂಬೆನೂ ಸಾಯುತ್ತೆ.

ಗೂಡು ಸಿಕ್ಕಿದೆ, ಬ್ಲೋವರ್ ಹೊಡೆದು ತೆಗೀಲಾ? ತೆಗೀಬೇಡಿ, ಧೂಳೆಲ್ಲ ಮೂಗಿಗೇ ಬರುತ್ತೆ. ಇಲಿ ಉಚ್ಚೆಯಿಂದ ಇಲಿಜ್ವರ ಬರುತ್ತೆ, ಕೈಮೇಲೆ ಗಾಯ ಇದ್ರೆ ಮುಟ್ಟಲೇಬೇಡಿ. ಬಾಗಿಲೆಲ್ಲ ತೆಗೆದಿಟ್ಟು, ಗ್ಲೌಸ್ ಮಾಸ್ಕ್ ಹಾಕ್ಕೊಂಡು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಗೂಡನ್ನ ನೆನೆಸಿ, ಐದು ನಿಮಿಷ ಬಿಟ್ಟು ಪೇಪರಲ್ಲಿ ಎತ್ತಿ ಕವರಿಗೆ ಹಾಕಿ ಕಟ್ಟಿ. ಬ್ಲೀಚ್ ನೀರು ಕನೆಕ್ಟರ್ ಮೇಲೆ ಬೀಳಬಾರ್ದು. ಫಿಲ್ಟರ್ ತೊಳೆಯೋಕೆ ಹೋಗಬೇಡಿ, ಹೊಸದು ಹಾಕ್ಸಿ.