ಬಣ್ಣ ಆಮೇಲೆ ಬಳಿಸಿ, ಮೊದ್ಲು ನೀರು ಎಲ್ಲಿಂದ ಬರ್ತಿದೆ ನೋಡಿ

ಪ್ರಶ್ನೆ: ಇಪ್ಪತ್ತು ವರ್ಷದ ಹಿಂದೆ ಕಟ್ಸಿದ ಮನೆ, ಹೊರಗಡೆ ಸಿಮೆಂಟ್ ಪ್ಲಾಸ್ಟರ್. ಸಜ್ಜಾ ಕೆಳಗೆಲ್ಲಾ ಕಪ್ಪು ಗೆರೆ ಇಳಿದಿದೆ, ಗೋಡೆ ತುಂಬಾ ಸಣ್ಣ ಸಣ್ಣ ಬಿರುಕು, ಹೋದ್ಸಲ ಹೊಡೆಸಿದ ಬಣ್ಣ ಎರಡೇ ವರ್ಷಕ್ಕೆ ಹಪ್ಪಳದ ಥರ ಎದ್ದು ಬಂತು. ಪೇಂಟರು ಪೂರ್ತಿ ಪುಟ್ಟಿ ಹಾಕಿ ಎರಡು ಕೋಟ್ ಹೊಡೆದ್ರೆ ಹೊಸ ಮನೆ ಥರ ಆಗುತ್ತೆ ಅಂತಾರೆ. ನಮ್ಮೆಜಮಾನ್ರು ಪ್ಲಾಸ್ಟರ್ ಎಲ್ಲಾ ಕೆತ್ತಿಸಿ ಹೊಸದಾಗಿ ಮಾಡ್ಸೋಣ ಅಂತಾರೆ. ದಸರಾ ಒಳಗೆ ಮುಗಿಸಬೇಕು, ಏನ್ ಮಾಡೋದು? (ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಮೇಡಂ, ದಸರಾ ಒಳಗೆ ಅನ್ನೋದನ್ನ ಮೊದ್ಲು ಬಿಟ್ಬಿಡಿ. ಮೈಸೂರಲ್ಲಿ ಎಲ್ಲರಿಗೂ ದಸರಾಗೆ ಮನೆ ಹೊಳೀಬೇಕು, ಆದ್ರೆ ನಮ್ಮೂರಲ್ಲಿ ಸೆಪ್ಟೆಂಬರ್, ಅಕ್ಟೋಬರಲ್ಲೂ ಮಳೆ ಜೋರಾಗಿ ಬೀಳುತ್ತೆ, ಒದ್ದೆ ಗೋಡೆ ಮೇಲೆ ಬಣ್ಣ ಬಳಿದ್ರೆ ಒಳಗಿರೋ ನೀರು ಹೊರಗೆ ಬರೋಕೆ ದಾರಿ ಇಲ್ದೆ ಬಣ್ಣನೇ ಬೊಬ್ಬೆ ಎಬ್ಬಿಸ್ಕೊಂಡು ಬರುತ್ತೆ, ನಿಮ್ಮದು ಹೋದ್ಸಲ ಹಪ್ಪಳ ಆಗಿದ್ದು ಬಹುಶಃ ಹಿಂಗೇ. ಈ ಸಲ ಹಬ್ಬಕ್ಕೆ ಗೇಟು, ಮುಂಬಾಗಿಲು ಮಾತ್ರ ಮಾಡ್ಸಿ. ಗೋಡೆ ಕೆಲಸ ಡಿಸೆಂಬರಿಂದ ಮಾರ್ಚ್ ಒಳಗೆ ಇಟ್ಕೊಳ್ಳಿ, ಏಪ್ರಿಲ್ ಮೇನಲ್ಲಿ ಸಂಜೆ ಗುಡುಗು ಮಳೆ ಶುರುವಾಗೋಕೆ ಮುಂಚೆ.

ಇನ್ನು ಪೂರ್ತಿ ಕೆತ್ತಿಸಬೇಕಾ ಬೇಡ್ವಾ ಅಂತ ಗೋಡೆನೇ ಹೇಳುತ್ತೆ. ಒಂದು ಐದು ರೂಪಾಯಿ ನಾಣ್ಯ ತಗೊಂಡು ಗೋಡೆ ಮೇಲೆ ಅರ್ಧ ಅಡಿಗೊಂದು ಸಲ ಟಕ್ ಟಕ್ ಅಂತ ಕುಟ್ಕೊಂಡು ಹೋಗಿ, ಪ್ಲಾಸ್ಟರ್ ಇಟ್ಟಿಗೆಗೆ ಹಿಡ್ಕೊಂಡಿರೋ ಕಡೆ ಗಟ್ಟಿ ಶಬ್ದ ಬರುತ್ತೆ, ಬಿಟ್ಕೊಂಡಿರೋ ಕಡೆ ಡಬ್ ಡಬ್ ಅಂತ ಟೊಳ್ಳು ಶಬ್ದ. ಟೊಳ್ಳಿರೋ ಜಾಗಕ್ಕೆಲ್ಲಾ ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಮೇಸ್ತ್ರಿಗೆ ಅಷ್ಟೇ ತೋರ್ಸಿ. ಗಟ್ಟಿ ಇರೋ ಪ್ಲಾಸ್ಟರನ್ನ ಕೆತ್ತಿಸೋದು ದುಡ್ಡು ದಂಡ, ಉಳಿ ಸುತ್ತಿಗೆ ಏಟಿಗೆ ಪಕ್ಕದ ಚೆನ್ನಾಗಿರೋದೂ ಸಡಿಲ ಆಗುತ್ತೆ. ಯಜಮಾನ್ರಿಗೆ ನಾಣ್ಯ ಕೊಟ್ಟು ಅವರ ಕೈಲೇ ಕುಟ್ಸಿ, ಆಮೇಲೆ ವಾದ ಇರಲ್ಲ.

ಬಿರುಕಲ್ಲಿ ಎಲ್ಲಾ ಒಂದೇ ಅಲ್ಲ. ಜೇಡರ ಬಲೆ ಥರ ಕೂದಲೆಳೆ ಬಿರುಕು ಅಂದ್ರೆ ಪ್ಲಾಸ್ಟರಲ್ಲಿ ಸಿಮೆಂಟ್ ಜಾಸ್ತಿ ಆಗಿದೆ, ಇಲ್ಲಾ ಮರಳಲ್ಲಿ ಧೂಳು ಜಾಸ್ತಿ, ಇಲ್ಲಾ ಕ್ಯೂರಿಂಗ್ (ಹೊಸ ಪ್ಲಾಸ್ಟರ್‌ಗೆ ದಿನಾ ನೀರು ಹಾಕೋದು) ಸರಿ ಮಾಡಿಲ್ಲ, ಇದಕ್ಕೆ ಹೆದರಬೇಡಿ, ಹಿಗ್ಗೋ ಗುಣ ಇರೋ ಒಳ್ಳೆ ಎಕ್ಸ್‌ಟೀರಿಯರ್ ಬಣ್ಣನೇ ಮುಚ್ಕೊಳ್ಳುತ್ತೆ. ಪಿಲ್ಲರ್ ಇಟ್ಟಿಗೆ ಸೇರೋ ಕಡೆ, ಬೀಮ್ ಕೆಳಗೆ, ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾಗಿದ್ರೆ ಕಟ್ಟೋವಾಗ ಚಿಕನ್ ಮೆಷ್ (ತೆಳು ತಂತಿ ಬಲೆ) ಹಾಕಿಲ್ಲ ಅಂತ, ಬರೀ ಪೇಸ್ಟ್ ತುಂಬಿದ್ರೆ ಮುಂದಿನ ಬೇಸಿಗೆಗೆ ಮತ್ತೆ ಅಲ್ಲೇ ಬಾಯಿ ಬಿಡುತ್ತೆ. ಗೆರೆಯ ಎರಡೂ ಕಡೆ ಅರ್ಧ ಅರ್ಧ ಅಡಿ ಪ್ಲಾಸ್ಟರ್ ತೆಗೆಸಿ ಮೆಷ್ ಮೊಳೆ ಹೊಡೆಸಿ ಮತ್ತೆ ಪ್ಲಾಸ್ಟರ್ ಮಾಡ್ಸಬೇಕು. ಕಿಟಕಿ ಮೂಲೆಯಿಂದ ಓರೆಯಾಗಿ ಹೋಗಿರೋದು, ಮೆಟ್ಟಿಲು ಮೆಟ್ಟಿಲಾಗಿ ಇಳಿದಿರೋದು ಇದ್ರೆ ಎರಡೂ ತುದಿಗೆ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಕು ಬರೆದಿಡಿ, ಕೆಲವು ತಿಂಗಳಲ್ಲಿ ಬಿರುಕು ಗೆರೆ ದಾಟಿದ್ರೆ ಅದು ಪೇಂಟರ್ ಕೆಲಸ ಅಲ್ಲ, ಇಂಜಿನಿಯರನ್ನ ಕರೆಸಿ.

ಸಜ್ಜಾ ಕೆಳಗಿನ ಕಪ್ಪು ಗೆರೆ ಇದ್ಯಲ್ಲಾ, ನಿಮ್ಮ ಕೇಸಲ್ಲಿ ನಿಜವಾದ ಕಳ್ಳ ಅದೇ. ಮಳೆ ಬರೋವಾಗ ಕೊಡೆ ಹಿಡ್ಕೊಂಡು ಹೊರಗೆ ನಿಂತು ನೋಡಿ, ಸಜ್ಜಾ ಅಂಚಿಗೆ ಬಂದ ನೀರು ನೆಲಕ್ಕೆ ಬೀಳಲ್ಲ, ಅಂಚು ಸುತ್ಕೊಂಡು ಕೆಳಗಡೆ ತೆವಳಿ ಗೋಡೆಗೆ ಸೇರುತ್ತೆ. ಅಂಚಿನಿಂದ ಒಂದಿಂಚು ಒಳಗೆ, ಕೆಳಭಾಗದಲ್ಲಿ ಸಣ್ಣ ಕಾಲುವೆ ಥರ ಉದ್ದಕ್ಕೂ ಗೀರು ಕೊರೆಸಿದ್ರೆ ನೀರು ಅಲ್ಲೇ ತುಂಡಾಗಿ ಬೀಳುತ್ತೆ, ಹೆಚ್ಚು ಖರ್ಚಿನ ಕೆಲಸ ಅಲ್ಲ, ಆದ್ರೆ ಯಾವ ಪೇಂಟರೂ ತಾನಾಗಿ ಹೇಳಲ್ಲ. ಹಂಗೇ ಪ್ಯಾರಾಪೆಟ್ ಮೇಲಿನ ಬಿರುಕು, ತಾರಸಿ ಪೈಪಿನ ಸುತ್ತ, ತುಂಬಿ ಸುರಿಯೋ ಟ್ಯಾಂಕು, ಮೂರೂ ನೋಡಿ.

ಪಾಚಿಗೆ ಬ್ಲೀಚಿಂಗ್ ಪೌಡರ್ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಬ್ರಷ್ಷಲ್ಲಿ ಉಜ್ಜಿ ತೊಳೀರಿ. ಕೈಗೆ ಗ್ಲೌಸ್ ಇರ್ಲಿ, ಯಾವ ಕಾರಣಕ್ಕೂ ಅದರ ಜೊತೆ ಆಸಿಡ್ ಬೆರೆಸಬೇಡಿ, ವಿಷದ ಗಾಳಿ ಬರುತ್ತೆ. ಹೊಸದಾಗಿ ಪ್ಲಾಸ್ಟರ್ ಮಾಡಿದ ಜಾಗಕ್ಕೆ ಕನಿಷ್ಠ 7 ದಿನ ನೀರು ಹಾಕ್ಸಿ, 28 ದಿನ ಬಿಟ್ಟು ಪ್ರೈಮರ್. ಪೂರ್ತಿ ಗೋಡೆಗೆ ಪುಟ್ಟಿ ಬೇಡ, ಹೊರಗಡೆ ಪುಟ್ಟಿ ಪದರ ಎದ್ರೆ ಬಣ್ಣನೂ ಜೊತೆಗೇ ಕರ್ಕೊಂಡು ಹೋಗುತ್ತೆ, ಹಳ್ಳ ಕೊಳ್ಳ ಮುಚ್ಚೋದಕ್ಕಷ್ಟೇ ಸಾಕು. ಇನ್ನೊಂದು, ಬಣ್ಣಕ್ಕೆ ನೀರು ಬೆರೆಸೋವಾಗ ಅಲ್ಲೇ ನಿಂತ್ಕೊಳ್ಳಿ, ಎಷ್ಟು ಬೆರೆಸಬೇಕು ಅಂತ ಡಬ್ಬಿ ಮೇಲೇ ಬರೆದಿರುತ್ತೆ.

ಪ್ರಶ್ನೆ: ಅಗ್ರಹಾರದಲ್ಲಿ ತಾತನ ಕಾಲದ ಮನೆ, ಸುಣ್ಣದ ಗಾರೆ. ಅಲ್ಲಲ್ಲಿ ಉದುರಿತ್ತು ಅಂತ ಸಿಮೆಂಟ್ ಹಾಕಿಸಿದ್ವಿ, ಈಗ ಸಿಮೆಂಟ್ ಗಟ್ಟಿಯಾಗಿದೆ, ಅದರ ಸುತ್ತ ಇರೋ ಹಳೇ ಗಾರೆ ಪುಡಿಯಾಗಿ ಉದುರ್ತಿದೆ. ಯಾಕೆ ಸಾರ್? (ಓದುಗರು, ಮೈಸೂರು)

ಉತ್ತರ: ಸುಣ್ಣದ ಗಾರೆ ಮೆದು, ಒಳಗಿನ ತೇವಾನ ಹೊರಗೆ ಬಿಡುತ್ತೆ, ಗೋಡೆ ಒಂಚೂರು ಅಲ್ಲಾಡಿದ್ರೂ ತಡ್ಕೊಳ್ಳುತ್ತೆ. ಸಿಮೆಂಟ್ ಬಿಗಿ, ತೇವಾನ ಅಷ್ಟು ಸುಲಭವಾಗಿ ಬಿಡಲ್ಲ. ನೀವು ತೇಪೆ ಹಾಕಿಸಿದ ಮೇಲೆ ತೇವ ಪಕ್ಕಕ್ಕೆ ತಿರುಗಿ ಅಂಚಿನ ಗಾರೆಲಿ ಹೊರಗೆ ಬರ್ತಿದೆ, ಬರೋವಾಗ ಉಪ್ಪನ್ನೂ ತರುತ್ತೆ, ಆ ಉಪ್ಪು ಗಟ್ಟಿಯಾಗೋವಾಗ ಗಾರೆನ ಒಡೆದು ಪುಡಿ ಮಾಡುತ್ತೆ. ತೇಪೆನ ನಿಧಾನಕ್ಕೆ ಬಿಡಿಸಿ ಸುಣ್ಣ ಮರಳಿನ ಗಾರೆಯಲ್ಲೇ ತುಂಬಿಸಿ. ಹಿಂದೆ ಇದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಅರೀತಿದ್ರು, ಗೊತ್ತಿರೋ ಕೈಗಳು ಈಗ ಕಮ್ಮಿ, ಆದ್ರೂ ಮೈಸೂರಲ್ಲಿ ಹಳೇ ಕಟ್ಟಡ ರಿಪೇರಿ ಮಾಡೋ ಮೇಸ್ತ್ರಿಗಳು ಹುಡುಕಿದ್ರೆ ಸಿಗ್ತಾರೆ, ಒಂದು ಮೂಲೇಲಿ ಸ್ಯಾಂಪಲ್ ಮಾಡ್ಸಿ ನೋಡಿ ಆಮೇಲೆ ಒಪ್ಪಿಸಿ. ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಬೇಡ್ವೇ ಬೇಡ, ಸುಣ್ಣನೇ ತೆಳ್ಳಗೆ ಮೂರು ಸಲ ಬಳಿಸಿ. ಸುಣ್ಣ ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡು ಕಲ್ಲಾಗುತ್ತೆ, ಅದಕ್ಕೇ ಗೋಡೆನ ಮೊದ್ಲು ಒದ್ದೆ ಮಾಡಿ ಬಳೀಬೇಕು, ಒಣ ಗೋಡೆಗೆ ಬಳಿದ್ರೆ ಕೈಗೆಲ್ಲಾ ಪುಡಿ ಬರುತ್ತೆ. ವರ್ಷ ವರ್ಷ ಬಳಿಸೋಕೆ ಬೇಜಾರು ಅಂತೀರೇನೋ, ಸಿಮೆಂಟ್ ಮೆತ್ತಿ ತಾತನ ಗೋಡೆ ಕಳ್ಕೊಳ್ಳೋದಕ್ಕಿಂತ ವಾಸಿ.

ಪ್ರಶ್ನೆ: ಅಣ್ಣ, ನಮ್ದು ಮಂಡ್ಯ ಪಕ್ಕ, ನಾಲೆ ಬಯಲು. ಗೋಡೆ ಕೆಳಗಡೆ ಮೂರಡಿ ಬೆಳ್ಳಗೆ ಉಪ್ಪು ಬಿಟ್ಟೈತೆ, ವಾಟರ್‌ಪ್ರೂಫ್ ಸಿಮೆಂಟ್ ಬಳ್ಸಿದ್ವಿ, ಈಗ ಅದರ ಮೇಲ್ಗಡೆ ನಾಕಡಿಗೆ ಬಂದೈತೆ. (ಓದುಗರು, ಮಂಡ್ಯ)

ಉತ್ತರ: ಕೆಳಗೆ ಬಾಯಿ ಮುಚ್ಚಿದ್ರಿ, ತೇವ ಮೇಲೆ ದಾರಿ ಹುಡುಕ್ತು ಕಣಣ್ಣ. ನಾಲೆ ಬಯಲಲ್ಲಿ ಭತ್ತ ಕಬ್ಬಿಗೆ ನೀರು ನಿಂತಿದ್ರೆ ನೆಲದ ನೀರು ಮೇಲೇ ಇರ್ತದೆ, ಚೌಳು ಮಣ್ಣಾದ್ರಂತೂ ಉಪ್ಪೂ ಜೊತೆಗೇ ಏರ್ತದೆ. ಆ ವಾಟರ್‌ಪ್ರೂಫ್ ಪದರ ತೆಗೆಸಿ ಗೋಡೆ ಉಸಿರಾಡ್ಲಿ. ಗೋಡೆಗೆ ಒರಗಿಸಿ ಮಣ್ಣು ಏರಿಸಿದ್ರೆ ಪಾಯದ ಮೇಲ್ಮಟ್ಟಕ್ಕಿಂತ ಅರ್ಧ ಅಡಿ ಕೆಳಕ್ಕೆ ತೆಗೆಸಿ, ಸುತ್ತಲೂ ಹೊರಗಡೆ ಇಳಿಜಾರು ಇರೋ ಕಾಂಕ್ರೀಟ್ ಪಟ್ಟಿ ಹಾಕ್ಸಿ, ಬಚ್ಚಲ ನೀರು ಗೋಡೆ ಬುಡದಲ್ಲಿ ಇಂಗ್ತಿದ್ರೆ ಪೈಪ್ ಹಾಕಿ ದೂರ ಬಿಡಿ. ಉಪ್ಪನ್ನ ಒಣ ಬ್ರಷ್ಷಲ್ಲೇ ಗುಡಿಸಿ ಎತ್ತಾಕಿ, ನೀರಲ್ಲಿ ತೊಳೆದ್ರೆ ಕರಗಿ ವಾಪಸ್ ಗೋಡೆಗೇ ಹೋಗ್ತದೆ. ಒಂದು ಬೇಸಿಗೆ ಪೂರ್ತಿ ಹಂಗೇ ಬಿಟ್ಟು ನೋಡಿ, ಆಮೇಲೆ ಬಣ್ಣದ ಮಾತು.

ಪ್ರಶ್ನೆ: ಕಾರು ತೊಳೆಯೋ ಪ್ರೆಶರ್ ಮಿಷನ್ನಲ್ಲಿ ಗೋಡೆ ತೊಳೀಬಹುದಾ? (ಓದುಗರು, ಶ್ರೀರಂಗಪಟ್ಟಣ)

ಉತ್ತರ: ಪ್ಲಾಸ್ಟರ್ ಗಟ್ಟಿ ಇದ್ದು ಬಿರುಕು ಇಲ್ದಿದ್ರೆ ದೂರ ನಿಂತು, ಕಮ್ಮಿ ಪ್ರೆಶರಲ್ಲಿ, ಮೇಲಿಂದ ಕೆಳಕ್ಕೆ. ಬಿರುಕಿದ್ರೆ ಆ ಮಿಷನ್ನು ನೀರನ್ನ ಗೋಡೆ ಒಳಕ್ಕೇ ನುಗ್ಗಿಸುತ್ತೆ, ಬಕೆಟ್ಟು ಬ್ರಷ್ಷೇ ಸಾಕು.