ಚರ್ಚ್ ಜತೆ ಸೇರಿ ಹಾಸ್ಯ ನಾಟಕದ ಸಹಾಯಾರ್ಥ ಪ್ರದರ್ಶನ ಮಾಡುವುದು ಹೇಗೆ?

ನೀವು ಬಂಟ್ವಾಳ ಕಡೆಯ ಯುವಕ ಮಂಡಲದವರು. ಊರಿನ ಹುಡುಗನ ಕಿಡ್ನಿ ಚಿಕಿತ್ಸೆಗೆ ದುಡ್ಡು ಸೇರಿಸಲು ಚರ್ಚ್ ಹಾಲ್‌ನಲ್ಲಿ ಒಂದು ಹಾಸ್ಯ ನಾಟಕ ಆಡಿಸಬೇಕು ಅಂತಿದ್ದೀರಿ, ಆದರೆ ನಿಮ್ಮಲ್ಲಿ ಯಾರೂ ಕ್ರೈಸ್ತರಲ್ಲ, ಚರ್ಚ್‌ನಲ್ಲಿ ಯಾರನ್ನು ಹೇಗೆ ಕೇಳಬೇಕು ಅಂತ ಗೊತ್ತಾಗುತ್ತಿಲ್ಲ, ಅಲ್ವಾ? ನಾನು ನಮ್ಮ ಚರ್ಚ್‌ನ ಕೆಲಸಕಾರ್ಯ ನೋಡಿಕೊಳ್ಳುವ ಪಾಲನಾ ಮಂಡಳಿಯಲ್ಲಿ ಇದ್ದವನು. ಇಂಥ ಪ್ರದರ್ಶನಗಳಿಗೆ ಟಿಕೆಟ್ ಹಂಚಿ, ಲೆಕ್ಕ ಬರೆದು ಗೊತ್ತು. ಧೈರ್ಯವಾಗಿ ಹೋಗಿ ಕೇಳಿ. ನಮ್ಮ ಕರಾವಳಿಯಲ್ಲಿ ಇದು ಹೊಸದೇನಲ್ಲ.

ಮೊದಲು ಎಷ್ಟು ದುಡ್ಡು ಬೇಕು ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯಿಂದ ಖರ್ಚಿನ ಅಂದಾಜು ಬರೆಸಿಕೊಂಡು, ಯೋಜನೆಯಿಂದ ಬರುವುದು ಎಷ್ಟು, ಮನೆಯವರ ಕೈಯಿಂದ ಹೋಗುವುದು ಎಷ್ಟು ಅಂತ ಬಿಡಿಸಿ ಹಾಕಿ. ಆ ಕಾಗದ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ, ಯಾಕೆಂದರೆ ಮಂಡಳಿಯ ಸಭೆಯಲ್ಲಿ ಬರುವ ಮೊದಲ ಪ್ರಶ್ನೆಯೇ ಅದು.

ಚರ್ಚ್ ಅಂದರೆ ಫಾದರ್ ಒಬ್ಬರೇ ಅಲ್ಲ. ಪಾಲನಾ ಮಂಡಳಿಗೆ ಅವರು ಅಧ್ಯಕ್ಷರು ನಿಜ, ಆದರೆ ಉಪಾಧ್ಯಕ್ಷ, ಕಾರ್ಯದರ್ಶಿ ಎಲ್ಲ ಊರಿನ ಸಾಮಾನ್ಯ ಜನರೇ, ನಿಮ್ಮ ಪರಿಚಯದವರೇ ಇರಬಹುದು. ಅವರನ್ನು ಮೊದಲು ಮಾತಾಡಿಸಿ, ಅವರ ಜತೆಯಲ್ಲೇ ಫಾದರ್ ಹತ್ತಿರ ಹೋಗಿ. ಇನ್ನು ಮುಖ್ಯವಾದವರು ಗುರ್ಕಾರರು. ಚರ್ಚ್‌ನ ವ್ಯಾಪ್ತಿಯನ್ನು ವಾರ್ಡ್‌ಗಳಾಗಿ ಮಾಡಿರುತ್ತಾರೆ, ಒಂದೊಂದು ವಾರ್ಡಿಗೆ ಒಬ್ಬರು ಗುರ್ಕಾರ, ಅವರಿಗೆ ತಮ್ಮ ವಾರ್ಡಿನ ಪ್ರತಿಯೊಂದು ಮನೆಯೂ ಗೊತ್ತು. ಟಿಕೆಟ್ ಹೋಗುವುದು ಅವರ ಕೈಯಿಂದ. ಹಾಲ್ ಬಾಗಿಲಲ್ಲಿ ಮೇಜು ಹಾಕಿ ಕೂತರೆ ನಾಟಕದ ದಿನ ಎಷ್ಟು ಜನ ಬರುತ್ತಾರೋ ದೇವರಿಗೇ ಗೊತ್ತು. ಭಾನುವಾರದ ಪೂಜೆ ಮುಗಿದ ಮೇಲಿನ ಪ್ರಕಟಣೆಯಲ್ಲಿ ವಿಷಯ ಹೇಳಿಸಿ, ಗುರ್ಕಾರರು ಮನೆಮನೆಗೆ ಹೋದರೆ ಸೀಟುಗಳು ತುಂಬುತ್ತವೆ.

ದಿನಾಂಕದ ವಿಷಯದಲ್ಲಿ ಎಚ್ಚರ ಬೇಕು. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ತಪಸ್ಸು ಕಾಲ, ಆಗ ಹಾಸ್ಯ ನಾಟಕ ಕೇಳುವುದೇ ಬೇಡ. 2027ರಲ್ಲಿ ಅದು ಫೆಬ್ರವರಿ 10ರಿಂದ ಮಾರ್ಚ್ 28ರವರೆಗೆ ಬರುತ್ತದೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರವೂ ಸಿದ್ಧತೆಯ ಕಾಲ. ಮಳೆಗಾಲದಲ್ಲಿ ಹಳ್ಳಿಯವರು ರಾತ್ರಿ ಹೊರಡುವುದಿಲ್ಲ. ಜನವರಿ ಕೊನೆಗೆ ಕಾರ್ಕಳದ ಅತ್ತೂರು ಚರ್ಚ್‌ನ ಜಾತ್ರೆ, ಆ ವಾರ ಎಲ್ಲರ ಗಮನ ಆ ಕಡೆ. ಆದ್ದರಿಂದ ನವೆಂಬರ್ ಮೊದಲರ್ಧ ಅಥವಾ ಈಸ್ಟರ್ ಆದ ಮೇಲೆ ಏಪ್ರಿಲ್ ನನಗೆ ಸರಿ ಅನಿಸುತ್ತದೆ. ಊರಿನ ಕೋಲ, ನೇಮ, ಯಕ್ಷಗಾನದ ದಿನಗಳನ್ನೂ ನೋಡಿಕೊಳ್ಳಿ. ಭಾನುವಾರ ಸಂಜೆ 6ಕ್ಕೆ ಶುರು ಮಾಡಿ, ರಾತ್ರಿ 10ರ ಒಳಗೆ ಮುಗಿಸಿ. ಹೊರಗೆ ಮೈದಾನದಲ್ಲಿ ಮಾಡುವುದಾದರೆ ಮೈಕಿಗೆ ಪೊಲೀಸರ ಅನುಮತಿ ಬೇಕೇ ಬೇಕು.

ನಾಟಕ ತುಳುವಿನಲ್ಲಿರಲಿ. ಕೊಂಕಣಿಯಾದರೆ ಚರ್ಚ್‌ನವರು ಮಾತ್ರ ಬರುತ್ತಾರೆ, ತುಳುವಾದರೆ ಇಡೀ ಊರು ಬರುತ್ತದೆ. ತಂಡವನ್ನು ಗೊತ್ತು ಮಾಡುವ ಮೊದಲು ಅವರ ಒಂದು ಪ್ರದರ್ಶನವನ್ನು ಕೂತು ಪೂರ್ತಿ ನೋಡಿ, ಯಾಕೆಂದರೆ ನಮ್ಮ ಹಾಸ್ಯ ಕಲಾವಿದರು ರಂಗದ ಮೇಲೆ ಅಲ್ಲಲ್ಲೇ ಮಾತು ಕಟ್ಟುತ್ತಾರೆ, ಬರೆದ ಸ್ಕ್ರಿಪ್ಟ್ ಓದಿದರೆ ಏನೂ ಗೊತ್ತಾಗುವುದಿಲ್ಲ. ಜಾತಿ, ಧರ್ಮ, ಪಕ್ಷ, ಅಂಗವೈಕಲ್ಯ, ಎರಡರ್ಥದ ಮಾತು ಬೇಡ ಅಂತ ತಂಡದ ಮುಖ್ಯಸ್ಥರಿಗೆ ಮೊದಲೇ ನೇರವಾಗಿ ಹೇಳಿ. ಕುಡಿದು ತೂರಾಡುವ ಕ್ರೈಸ್ತನ ಪಾತ್ರವನ್ನೂ ಬಿಡಲು ಹೇಳಿ. ಹಾಲ್ ಕೊಟ್ಟವರನ್ನೇ ಅವರ ಹಾಲ್‌ನಲ್ಲಿ ಕೂರಿಸಿ ಅದನ್ನು ತೋರಿಸುವುದು ಚೆನ್ನಾಗಿರುವುದಿಲ್ಲ. ಒಳ್ಳೆಯ ತಂಡದವರಿಗೆ ಇದೇನೂ ಕಷ್ಟವಲ್ಲ, ಅವರ ಹತ್ತಿರ ಮಾವ-ಅಳಿಯ, ಸೊಸೈಟಿ ಸಾಲ, ಮದುವೆ ದಲ್ಲಾಳಿ ಅಂತ ಬೇಕಾದಷ್ಟು ಸರಕು ಇರುತ್ತದೆ.

ಈಗ ದುಡ್ಡಿನ ಮಾತು. 500 ಸೀಟು, 200 ರೂಪಾಯಿ ಟಿಕೆಟ್ ಅಂದುಕೊಳ್ಳಿ. ಎಲ್ಲ ಹೋದರೂ 1 ಲಕ್ಷ. ಅದರಲ್ಲೇ ತಂಡದ ಸಂಭಾವನೆ, ಲೈಟು, ಸೌಂಡು, ಪ್ರಿಂಟಿಂಗ್, ಊಟ ಎಲ್ಲ ಕಳೆದರೆ ಹುಡುಗನಿಗೆ ಉಳಿಯುವುದು ತುಂಬಾ ಕಡಿಮೆ. ಅದಕ್ಕೇ ನಾನು ಯಾವತ್ತೂ ಹೇಳುವುದು, ಖರ್ಚನ್ನೆಲ್ಲ ಅಂಗಡಿಯವರ ಜಾಹೀರಾತು ಮತ್ತು ಬ್ಯಾನರ್‌ನಿಂದ ಮೊದಲೇ ಎತ್ತಿಬಿಡಿ. ಅಷ್ಟು ಆಗದಿದ್ದರೆ ತಂಡಕ್ಕೆ ಮುಂಗಡ ಕೊಡಲೇಬೇಡಿ. ಖರ್ಚು ಹೊರಗಿಂದ ಬಂದಾಗ, ಟಿಕೆಟಿನ ಒಂದೊಂದು ರೂಪಾಯಿಯೂ ಹುಡುಗನಿಗೆ ಅಂತ ಎದೆ ತಟ್ಟಿ ಹೇಳಬಹುದು, ಆ ಮಾತು ಕೇಳಿದರೆ ಜನ ಜಾಸ್ತಿಯೇ ಕೊಡುತ್ತಾರೆ. ಲಕ್ಕಿ ಕೂಪನ್ ಮಾರಬೇಡಿ, ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ, ಸುಮ್ನೆ ತೊಂದರೆ. ಗಲ್ಫ್‌ನಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟಿನವರಾಗಿದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ತಗೊಂಡವರದ್ದು ಆಗುತ್ತದೆ, ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಖಾತೆಗೆ ಅದನ್ನು ಹಾಕಿಸಿಕೊಳ್ಳಬೇಡಿ.

ಟಿಕೆಟ್ ಪುಸ್ತಕಗಳಿಗೆ ನಂಬರ್ ಹಾಕಿಸಿ, ಕೌಂಟರ್‌ಫಾಯಿಲ್ ಇರಲಿ, ಯಾರಿಗೆ ಎಷ್ಟರಿಂದ ಎಷ್ಟರವರೆಗೆ ಕೊಟ್ಟಿರಿ ಅಂತ ಸಹಿ ತಗೊಳ್ಳಿ. ನಾಟಕ ಮುಗಿದ ರಾತ್ರಿಯೇ, ಎಷ್ಟೇ ಸುಸ್ತಾಗಿದ್ದರೂ, ಚರ್ಚ್ ಆಫೀಸಿನಲ್ಲಿ ಕೂತು ಎಣಿಸಿ. ನಮ್ಮಲ್ಲಿ ನೋಟುಗಳನ್ನು ಬೇರೆ ಬೇರೆ ಕಟ್ಟು ಕಟ್ಟಿ, ಮಾರಾಟವಾಗದ ಟಿಕೆಟುಗಳನ್ನು ಪಕ್ಕದಲ್ಲಿಟ್ಟು, ಕೌಂಟರ್‌ಫಾಯಿಲ್ ಜತೆ ತಾಳೆ ನೋಡಿ, ಮಂಡಳಿಯ ಇಬ್ಬರು ಮತ್ತು ಸಂಘದ ಇಬ್ಬರು ಒಂದೇ ಹಾಳೆಗೆ ಸಹಿ ಹಾಕುತ್ತೇವೆ. ಆ ಹಾಳೆ ಮುಂದಿನ ಭಾನುವಾರ ನೋಟಿಸ್ ಬೋರ್ಡಿನಲ್ಲಿರುತ್ತದೆ. ಹಣ ಆಸ್ಪತ್ರೆ ಹೆಸರಿಗೆ ಚೆಕ್ಕಿನಲ್ಲಿ ಹೋಗಲಿ. ಉಳಿದರೆ ಏನು ಮಾಡುವುದು ಅಂತಲೂ ಈಗಲೇ ಬರೆದಿಡಿ, ಆಮೇಲೆ ಮನಸ್ತಾಪ ಬರುವುದು ಅಲ್ಲೇ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಮಾಡಬೇಡಿ. ಮಧ್ಯಂತರದಲ್ಲಿ ಆ ಹುಡುಗನನ್ನು, ಅವನ ಅಮ್ಮನನ್ನು ವೇದಿಕೆಗೆ ಕರೆದು ನಿಲ್ಲಿಸಬೇಡಿ. ಅವನು ನಾಳೆ ಇದೇ ಊರಿನಲ್ಲಿ ಶಾಲೆಗೆ ಹೋಗಬೇಕು. ಫಾದರ್ ಎರಡು ಮಾತು ಆಡಲಿ, ನಿಮ್ಮ ಅಧ್ಯಕ್ಷರು ಎರಡು ಮಾತು ಆಡಲಿ, ಸಾಕು. ಬ್ಯಾನರ್‌ನಲ್ಲಿ ಹುಡುಗನ ಫೋಟೋ ಹಾಕುವುದಿದ್ದರೆ ಅಮ್ಮನನ್ನು ಮಾತ್ರ ಅಲ್ಲ, ಅವನನ್ನೂ ಕೇಳಿ.

ಪಾಲನಾ ಮಂಡಳಿಯ ಸಭೆ ದಿನಾ ಇರುವುದಿಲ್ಲ, ಹಾಗಾಗಿ ತಡ ಮಾಡಬೇಡಿ. ಈ ಭಾನುವಾರ ಬೆಳಗಿನ ಪೂಜೆ ಮುಗಿಯುವ ಹೊತ್ತಿಗೆ ಅಂದಾಜು ಪತ್ರ ಹಿಡಿದು ಉಪಾಧ್ಯಕ್ಷರನ್ನು ನೋಡಿ. ಅವರು ಏನಂದರು ಅಂತ ಇಲ್ಲಿ ಬರೆಯಿರಿ, ಅರ್ಜಿ ಹೇಗೆ ಬರೆಯಬೇಕು ಅಂತ ನಾನು ಹೇಳುತ್ತೇನೆ.