ಸಕ್ಕರೆಯ ಬಾಗಿಲಿನಿಂದ ಒಳಹೋಗುವ ವಿಟಮಿನ್ ಸಿ

ಪ್ರಶ್ನೆ: ನನ್ನ ಅಕ್ಕನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಕೀಮೋ ನಡೆಯುತ್ತಿದೆ. ಕ್ಯಾನ್ಸರ್ ಕೋಶ ವಿಟಮಿನ್ ಸಿಯನ್ನು ಸಕ್ಕರೆ ಅಂದುಕೊಂಡು ನುಂಗಿ ಸಾಯುತ್ತದೆ ಅಂತ ಯಾರೋ ಹೇಳಿದರು. ಅಂದಿನಿಂದ ದಿನಕ್ಕೆ 500 ಮಿ.ಗ್ರಾಂನ ನಾಲ್ಕು ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಇನ್ನೊಬ್ಬರು, ‘ಅದು ಗಡ್ಡೆಗೇ ಊಟ ಹಾಕಿದ ಹಾಗೆ’ ಅಂತ ಹೆದರಿಸಿದ್ದಾರೆ. ಯಾವುದು ನಿಜ?

ಉತ್ತರ: ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ಅದೇ ಯೋಚನೆ ನನಗೆ. ಇಬ್ಬರೂ ಅರ್ಧರ್ಧ ನಿಜ ಹೇಳಿದ್ದಾರೆ. ಅದಕ್ಕೇ ಇಷ್ಟು ಗೊಂದಲ.

ನಾನು ಇಪ್ಪತ್ತಾರು ವರ್ಷ ಬಯೋಕೆಮಿಸ್ಟ್ರಿ ಪಾಠ ಮಾಡಿದವಳು. ಲ್ಯಾಬಿನಲ್ಲಿ ವಿಟಮಿನ್ ಸಿ ಪುಡಿ ಕರಗಿಸಿದಾಗ ದ್ರಾವಣ ನೀರಿನಷ್ಟೇ ತಿಳಿ. ಮುಚ್ಚದೆ ಬಿಟ್ಟು ಮರೆತರೆ ಕೆಲವು ದಿನಗಳಲ್ಲಿ ಹಳದಿಗೆ ತಿರುಗುತ್ತಿತ್ತು. ಗಾಳಿ ತಾಗಿ ಕೆಟ್ಟಿತು ಅಂತ ಚೆಲ್ಲುತ್ತಿದ್ದೆವು. ಆದರೆ ಹಳದಿಯಾಗುವ ಮೊದಲು ಕಣ್ಣಿಗೆ ಕಾಣದ ಒಂದು ಹಂತ ಇದೆ. ವಿಟಮಿನ್ ಸಿ ಎರಡು ಹೈಡ್ರೋಜನ್ ಕಳೆದುಕೊಂಡು ಡಿಹೈಡ್ರೋಆಸ್ಕಾರ್ಬಿಕ್ ಆಮ್ಲ ಆಗುತ್ತದೆ. ನಿಮ್ಮ ಪ್ರಶ್ನೆಯ ಗುಟ್ಟು ಇರುವುದು ಅದರಲ್ಲೇ.

ಕೆಡದ ವಿಟಮಿನ್ ಸಿಗೆ ಕೋಶದ ಗೋಡೆಯಲ್ಲಿ ಬೇರೆಯೇ ಬಾಗಿಲಿದೆ. ಸೋಡಿಯಂ ಜೊತೆಗಿದ್ದರೆ ಮಾತ್ರ ಅದು ತೆರೆಯುತ್ತದೆ. ಗಾಳಿ ತಾಗಿದ ರೂಪ ಮಾತ್ರ ಗ್ಲೂಕೋಸ್ ಹೋಗುವ ಬಾಗಿಲಿನಿಂದಲೇ, ಅಂದರೆ ಗ್ಲೂಟ್-1ರಿಂದ, ನುಸುಳುತ್ತದೆ. ಎಷ್ಟೋ ಕ್ಯಾನ್ಸರ್ ಕೋಶಗಳಿಗೆ ಸಕ್ಕರೆಯ ಹಸಿವು ಜಾಸ್ತಿ, ಹಾಗಾಗಿ ಈ ಬಾಗಿಲುಗಳೂ ಜಾಸ್ತಿ. ಅಕ್ಕನಿಗೆ ಪೆಟ್ ಸ್ಕ್ಯಾನ್ (ಸಕ್ಕರೆಯಂಥ ವಸ್ತು ಚುಚ್ಚಿ ತೆಗೆಯುವ ಸ್ಕ್ಯಾನ್) ಮಾಡಿಸಿದ್ದರೆ, ಗಡ್ಡೆ ಹೊಳೆಯುವುದು ಕೂಡ ಇದೇ ಹಸಿವಿನಿಂದ. ಇನ್ನೊಂದು ವಿಷಯ ಕೇಳಿ. ಗಡ್ಡೆಯ ಸುತ್ತಲಿನ ಕೋಶಗಳೇ ವಿಟಮಿನ್ ಸಿಯನ್ನು ಈ ರೂಪಕ್ಕೆ ತಿರುಗಿಸಿಕೊಡಬಲ್ಲವು ಅಂತ ಸಂಶೋಧಕರು 1999ರಲ್ಲೇ ತೋರಿಸಿದ್ದರು.

ಒಳಗೆ ಹೋದ ಮೇಲೆ ಕೋಶ ತನ್ನನ್ನು ಹಾನಿಯಿಂದ ಕಾಯುವ ಗ್ಲುಟಾಥಯೋನ್ ಅನ್ನುವ ವಸ್ತುವನ್ನು ಖರ್ಚು ಮಾಡಿ ಅದನ್ನು ಮತ್ತೆ ಮೊದಲಿನ ವಿಟಮಿನ್ ಸಿ ಮಾಡಿಕೊಳ್ಳುತ್ತದೆ. ಸ್ವಲ್ಪ ಬಂದರೆ ಲಾಭ, ಅದು ಕೋಶಕ್ಕೇ ರಕ್ಷಣೆ. ಒಮ್ಮೆಲೇ ನುಗ್ಗಿದರೆ ಗ್ಲುಟಾಥಯೋನ್ ಬರಿದಾಗುತ್ತದೆ, ಸಕ್ಕರೆ ಒಡೆಯುವ ಒಂದು ಮುಖ್ಯ ಕಿಣ್ವ ನಿಂತುಹೋಗುತ್ತದೆ, ಕೋಶ ಶಕ್ತಿಯಿಲ್ಲದೆ ಸಾಯುತ್ತದೆ. 2015ರಲ್ಲಿ ಅಮೆರಿಕದ ಕ್ಯಾನ್ಸರ್ ಸಂಶೋಧಕ ಲೂಯಿಸ್ ಕ್ಯಾಂಟ್ಲಿ ಅವರ ತಂಡ ಕಂಡದ್ದು ಇದನ್ನೇ. ಅದೂ ಕೆರಾಸ್ ಅಥವಾ ಬಿರಾಫ್ ಜೀನ್ ಕೆಟ್ಟಿದ್ದ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಮತ್ತು ಇಲಿಗಳಲ್ಲಿ.

ಆದರೆ ಆ ಪ್ರಮಾಣ ಮಾತ್ರೆಯಿಂದ ಬರುವುದಿಲ್ಲ. ಕರುಳು ಹೀರಿಕೊಳ್ಳುವುದಕ್ಕೆ ಮಿತಿ ಇದೆ, ಮಿಕ್ಕಿದ್ದನ್ನು ಕಿಡ್ನಿ ಹೊರಹಾಕುತ್ತದೆ. ಬಾಯಿಯಿಂದ ಎಷ್ಟೇ ತೆಗೆದುಕೊಂಡರೂ ರಕ್ತದಲ್ಲಿ ಲೀಟರಿಗೆ ಸುಮಾರು 220 ಮೈಕ್ರೊಮೋಲ್ ದಾಟುವುದು ಕಷ್ಟ. ನರದ ಮೂಲಕ, ಅಂದರೆ ಡ್ರಿಪ್ ಹಾಕಿ ರಕ್ತನಾಳಕ್ಕೇ ಕೊಟ್ಟರೆ 10,000ವನ್ನೂ ಮೀರುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆ ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 10 ಗ್ರಾಂ ಬಾಯಿಯಿಂದ ಕೊಟ್ಟು ನೋಡಿತ್ತು. 1979ರಲ್ಲೂ 1985ರಲ್ಲೂ ಪ್ರಯೋಜನ ಕಾಣಲಿಲ್ಲ.

ನನಗೆ ಆತಂಕ ಇರುವುದು ಕೀಮೋ ಬಗ್ಗೆ. ವಿಟಮಿನ್ ಸಿ ತುಂಬಿಕೊಂಡ ಕ್ಯಾನ್ಸರ್ ಕೋಶಗಳ ಮೇಲೆ ಕೆಲವು ಕೀಮೋ ಔಷಧಗಳ ಪೆಟ್ಟು ಕಡಿಮೆಯಾದದ್ದು 2008ರ ಒಂದು ಲ್ಯಾಬ್ ಮತ್ತು ಇಲಿ ಪ್ರಯೋಗದಲ್ಲಿ ಕಂಡಿತ್ತು. ಮನುಷ್ಯರಲ್ಲೂ ಹಾಗೇ ಆಗುತ್ತದೆ ಅಂತ ಅದರ ಅರ್ಥ ಅಲ್ಲ. ಆದರೆ ಡಾಕ್ಟರಿಗೆ ಗೊತ್ತಿಲ್ಲದೆ ಸುಮ್ನೆ ಮಾತ್ರೆ ನುಂಗುವುದು ಬೇಡ, ದಯವಿಟ್ಟು. ಮುಂದಿನ ಕೀಮೋಗೆ ಹೋಗುವಾಗ ಆ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಯಾರಾದರೂ ನರಕ್ಕೆ ಕೊಡುತ್ತೇವೆ ಅಂದರೆ, ಮೊದಲು ಜಿ6ಪಿಡಿ ಮತ್ತು ಕಿಡ್ನಿ ಪರೀಕ್ಷೆ ಮಾಡುತ್ತೀರಾ ಅಂತ ಕೇಳಿ. ಜಿ6ಪಿಡಿ ಅಂದರೆ ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ; ಅದರ ಕೊರತೆ ಇದ್ದವರಿಗೆ ಹೀಗೆ ಕೊಟ್ಟರೆ ಆ ಕಣಗಳು ಒಡೆದುಹೋಗಬಹುದು. ಅಕ್ಕನಿಗೆ ಡಯಾಬಿಟಿಸ್ ಇದ್ದರೆ ಅದನ್ನೂ ಹೇಳಿ. ನರಕ್ಕೆ ಕೊಟ್ಟ ಮೇಲೆ ಬೆರಳು ಚುಚ್ಚಿ ನೋಡುವ ಮೀಟರ್‌ಗಳಲ್ಲಿ ಕೆಲವು ವಿಟಮಿನ್ ಸಿಯನ್ನೇ ಸಕ್ಕರೆ ಅಂತ ಲೆಕ್ಕ ಹಾಕಿ ಇಲ್ಲದ ಸಕ್ಕರೆ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಅಪಾಯ.